ಓದದೆ ಬಿಟ್ಟ ಕೆಂಪು ಚೌಕ

ನನಗೆ ಇಂಗ್ಲಿಷ್ ಬರುತ್ತದೆ ಎಂದು ಭಾಲ್ಕಿಯ ನಮ್ಮ ಹೈಸ್ಕೂಲು ಪೂರ್ತಿ ನಂಬಿತ್ತು. ನಂಬಿಸಿದವನು ನಾನೇ. ಆ ಜಂಭದಿಂದ ಒಬ್ಬ ಒಳ್ಳೆಯ ಕೆಲಸಗಾರನ ಬದುಕು ಹಾಳಾಯಿತು. ಈ ಮಾತನ್ನು ಹೇಳಬೇಕಾದವರ ಮುಂದೆ ಬಹಳ ತಡವಾಗಿ ಹೇಳಿದ್ದೇನೆ. ಈಗ ಬರೆದೂ ಇಡುತ್ತೇನೆ. ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ನನ್ನ ಬಗ್ಗೆ ಏನೇನೋ ದೊಡ್ಡದಾಗಿ ಅಂದುಕೊಂಡಿದ್ದಾರೆ, ಅವರಿಗೂ ಗೊತ್ತಾಗಲಿ.

ನಾನು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಲೆಕ್ಕ ಉರ್ದು, ವಿಜ್ಞಾನ ಉರ್ದು, ಬೈಗುಳವೂ ಮುಕ್ಕಾಲು ಉರ್ದು. ಇಂಗ್ಲಿಷ್ ಒಂದು ವಿಷಯವಾಗಿತ್ತು, ಅದನ್ನು ಉರು ಹೊಡೆದು ದಾಟಿದ್ದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲಾಖೆಯ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರತೊಡಗಿದವು. ಹಳೆಯ ಮಾಸ್ತರರು ಅವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಮುಂದೆ ಇಡುತ್ತಿದ್ದರು. "ನೀವು ಹೊಸಬರು, ಇಂಟರ್ ಓದೀರಿ. ಏನ್ ಬರ್ದಾರ ಜರಾ ನೋಡ್ರಿ" ಎನ್ನುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ. ಹತ್ತು ಶಬ್ದಗಳಲ್ಲಿ ಆರು ತಿಳಿಯುತ್ತಿದ್ದವು, ಉಳಿದ ನಾಲ್ಕಕ್ಕೆ ಬುರುಡೆ ಬಿಡುತ್ತಿದ್ದೆ.

ಒಮ್ಮೆ ಸಿಡುಬಿನ ಚುಚ್ಚುಮದ್ದಿನ ಸುತ್ತೋಲೆಯನ್ನು ಶಾಲೆಯ ಸ್ವಚ್ಛತೆಯ ಸುತ್ತೋಲೆ ಎಂದು ಓದಿ ಹೇಳಿ ಇಡೀ ಕಟ್ಟಡಕ್ಕೆ ಸುಣ್ಣ ಹೊಡೆಸಿದ್ದೆ. ಚುಚ್ಚುವವರು ಸೂಜಿ ಹಿಡಿದು ಬಂದಾಗ ಹೆಡ್‌ಮಾಸ್ತರರು ಬೆಳ್ಳಗಿನ ಗೋಡೆ ತೋರಿಸಿ, "ನಿಮ್ಮ ಸಲುವಾಗೇ ಮಾಡ್ಸೀವ್ರಿ" ಎಂದರು. ಆ ಜನ ಪಿಳಿಪಿಳಿ ನೋಡಿದರು. ಯಾರಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ. ನಾನು ಒಳಗೊಳಗೇ ನಕ್ಕಿದ್ದೆ. ಅವತ್ತೇ ಯಾರಾದರೂ ಹಿಡಿದು ಛೀಮಾರಿ ಹಾಕಿದ್ದರೆ ಎಷ್ಟು ಚೆನ್ನಾಗಿತ್ತು!

ಆ ದಿನಗಳಲ್ಲಿ ಮೈಸೂರು ಕಡೆಯ ಅಧಿಕಾರಿಯೊಬ್ಬರು ಬೀದರಿಗೆ ವರ್ಗವಾಗಿ ಬಂದರು. ಅವರ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದ. ಅವನು ಹೊರದೇಶದಿಂದ ಒಂದು ಮಾದರಿ ವಿಮಾನ ತಂದುಕೊಟ್ಟಿದ್ದ. ಬಿಡಿ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿತ್ತು. ಜೋಡಿಸಿದರೆ ಎರಡು ಮೊಳ ಅಗಲದ ರೆಕ್ಕೆ, ಮೂಗಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಇಂಜಿನ್ನು. ಕೆಳಗೆ ನಿಂತು ರೇಡಿಯೋ ಡಬ್ಬಿಯ ಗುಂಡಿ ಒತ್ತಿದರೆ ಮೇಲೆ ಹಾರುವ ವಿಮಾನದ ಬಾಲ ತಿರುಗುತ್ತದೆ. ರಾಜ್ಯ ಒಂದಾದ ದಿನದ ಹಬ್ಬಕ್ಕೆ ಅದನ್ನು ಬೀದರಿನ ಮೈದಾನದಲ್ಲಿ ಹಾರಿಸಬೇಕು ಎಂದು ಸಾಹೇಬರ ಆಸೆ. ರೇಡಿಯೋ ಬಳಸಲು ಸರ್ಕಾರದ ಪರವಾನಗಿ ಬೇಕಿತ್ತು, ಅದನ್ನೂ ತರಿಸಿದ್ದರು. ಜೋಡಿಸುವ ಕೆಲಸ ನಮ್ಮ ಶಾಲೆಗೆ ಬಂತು, ಯಾಕೆಂದರೆ ವಿಜ್ಞಾನದ ಕೋಣೆ ಎಂದು ಇದ್ದದ್ದು ನಮ್ಮಲ್ಲಿ ಮಾತ್ರ.

ಸಾಹೇಬರು ನನ್ನನ್ನು ಕರೆದು, "ಏನ್ರೀ ಮೇಷ್ಟ್ರೇ, ಸೂಚನೆ ಎಲ್ಲಾ ಇಂಗ್ಲಿಷಲ್ಲಿದೆ. ನಿಮಗೆ ಚೆನ್ನಾಗಿ ಬರುತ್ತಂತೆ?" ಎಂದರು.

"ಬರುತ್ತೆ ಸಾರ್" ಎಂದೆ. ಅವರ ಕನ್ನಡದಲ್ಲೇ ಉತ್ತರ ಕೊಟ್ಟೆನಲ್ಲ ಎಂದು ಅದಕ್ಕೂ ಒಂದು ಹೆಮ್ಮೆ. ಥೂ, ನನ್ನ ನಾಲಿಗೆಗಿಷ್ಟು!

ಓದಲು ನಾನಾದೆ, ಸೂಕ್ಷ್ಮ ಕೆಲಸಕ್ಕೆ ಕೈ ಬೇಕಲ್ಲ. ಹೆಡ್‌ಮಾಸ್ತರರು ಬೀದರಿನ ಚೌಬಾರಾ ಗೋಪುರದ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರನ್ನು ಹೇಳಿಕಳಿಸಿ ಕರೆಸಿದರು. ಅವರ ಊರು ಔರಾದ ತಾಲ್ಲೂಕಿನ ಠಾಣಾ ಕುಶನೂರು. ಸಣ್ಣವರಿದ್ದಾಗ ಹೈದರಾಬಾದಿಗೆ ಹೋಗಿ ಕೆಲಸ ಕಲಿತು ಬಂದಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಹಾಗಾಗಿ ಕಾಕಾ ಎನ್ನುತ್ತಿದ್ದೆ. ಸುತ್ತಮುತ್ತ ಯಾರ ಕೈಗಡಿಯಾರ ನಿಂತರೂ ಅವರ ಹತ್ತಿರವೇ ಹೋಗಬೇಕು. ಲೇಡೀಸ್ ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂರಿಸುವ ಕೈ ಅವರದು. ಓದು ಮಾತ್ರ ಉರ್ದು ಶಾಲೆಯ ನಾಲ್ಕನೆಯ ಇಯತ್ತೆಯವರೆಗೆ.

ಅವರು ಪ್ರತಿ ರವಿವಾರ ಬೆಳಗಿನ ರೈಲಿಗೆ ಭಾಲ್ಕಿಗೆ ಬರುತ್ತಿದ್ದರು. ಇಳಿದವರೇ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ, "ಮಾಸ್ತರ್, ನಿಮ್ದು ಯಾವಾಗ್ಲೂ ಐದ್ ಮಿನಿಟ್ ಮುಂದ. ಪಗಾರದ ದಿನ ಮಾತ್ರ ಹತ್ತು ಮುಂದ ಇರ್ತದೇನೋ" ಎಂದು ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಕೆಲಸ. ಕೆಲಸದ ಮೇಜಿನ ಮುಂದೆ ನಗು ಇರಲಿಲ್ಲ.

ಅವರ ಪದ್ಧತಿ ನೋಡಿ ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಮೇಜಿನ ಮೇಲೆ ಒಗೆದ ಬಿಳಿ ಧೋತರ ಹಾಸಬೇಕು, ಸಣ್ಣ ಸ್ಕ್ರೂ ಬಿದ್ದರೂ ಕಾಣಬೇಕು. ಪೆಟ್ಟಿಗೆಯಿಂದ ಒಂದೊಂದೇ ಭಾಗ ತೆಗೆದು, ಯಾದಿಯಲ್ಲಿದೆಯೇ ಎಂದು ನನ್ನನ್ನು ಕೇಳಿ, ಊಟದ ತಟ್ಟೆಯಲ್ಲಿ ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಇಡುತ್ತಿದ್ದರು. ಮೊದಲು ತೆಗೆದದ್ದು ಒಂದು ಗಂಟೆಯ ಜಾಗಕ್ಕೆ, ಎರಡನೆಯದು ಎರಡಕ್ಕೆ. ನಾನು ಒಂದು ವಾಕ್ಯ ಓದಿ ಕನ್ನಡದಲ್ಲಿ ಹೇಳಿದರೆ ಸಾಲದು, ಮತ್ತೊಮ್ಮೆ ಹೇಳಬೇಕು. ಆಮೇಲೆ ಅದನ್ನೇ ಅವರು ತಮ್ಮ ಬಾಯಿಂದ ತಿರುಗಿ ಹೇಳುತ್ತಿದ್ದರು.

"ಕಿವಿಗಿ ಬಿದ್ದದ್ದು ಒಮ್ಮಿ ಬಾಯಾಗ ಬರಬೇಕ್ರಿ, ಆಮ್ಯಾಲ ಕೈಗಿ ಹೋಗಬೇಕು. ಇಲ್ಲಂದ್ರ ಗಲ್ತಿ ಆಗ್ತದ. ನಾ ಇಪ್ಪತ್ತು ವರ್ಷ ಆಯ್ತು, ಒಬ್ಬರ ಒಂದು ಸ್ಕ್ರೂ ಕಳದಿಲ್ರಿ" ಎನ್ನುತ್ತಿದ್ದರು. ಅದು ಬಡಾಯಿಯಾಗಿರಲಿಲ್ಲ. ಜನ ಗಡಿಯಾರ ಕೊಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದದ್ದು ಅದೊಂದೇ ನಂಬಿಕೆಯ ಮೇಲೆ.

ಮೊದಲ ರವಿವಾರ ಭಾಗಗಳನ್ನು ತಾಳೆ ನೋಡುವುದರಲ್ಲೇ ಹೋಯಿತು. ಎರಡನೆಯ ರವಿವಾರ ರೆಕ್ಕೆ. ಹತ್ತಿಯಷ್ಟು ಹಗುರವಾದ ಕಟ್ಟಿಗೆಯ ಪಟ್ಟಿಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಅಂಟಿಸಿ, ಮೇಲೆ ತೆಳು ಕಾಗದ ಹೊದಿಸಿ ನೀರು ಚಿಮುಕಿಸಿದೆವು. ಒಣಗಿದ ಹಾಗೆ ಅದು ಬಾರಿಸುವ ಹಲಗೆಯ ಚರ್ಮದಂತೆ ಬಿಗಿಯಾಯಿತು. ಅದಕ್ಕೆ ಬಳಿಯುವ ಮೆರುಗಿಗೆ ಕಳಿತ ಬಾಳೆಹಣ್ಣಿನ ವಾಸನೆ. ಕಿಟಕಿ ತೆರೆದಿಟ್ಟು ಬಳಿಯಬೇಕು, ಹತ್ತಿರ ಬೀಡಿ ಸೇದಬಾರದು ಎಂದು ಕಾಗದದಲ್ಲಿತ್ತು. ಅದು ನನಗೆ ತಿಳಿದಿತ್ತು, ಹೇಳಿದೆ. ಕಾಕಾ ಕಿವಿಯ ಮೇಲಿದ್ದ ಬೀಡಿಯನ್ನು ತೆಗೆದು ವರಾಂಡದ ಕಟ್ಟೆಯ ಮೇಲಿಟ್ಟು ಬಂದರು. ಹೇಳಿದ್ದನ್ನು ಅಷ್ಟು ಪಾಲಿಸುವವರು ಅವರು. ಇದನ್ನು ನೆನೆದಾಗಲೆಲ್ಲ ನನಗೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಮೂರನೆಯ ರವಿವಾರ ಇಂಜಿನ್ನು ಮತ್ತು ರೇಡಿಯೋ. ಇಂಜಿನ್ನಿಗೆ ಎಣ್ಣೆ ನಾವೇ ಬೆರೆಸಬೇಕಿತ್ತು. ದವಾಖಾನೆಯ ಕಂಪೌಂಡರರನ್ನು ಕಾಡಿ ಬೇಡಿ ತಂದ ಈಥರ್ ಒಂದು ಪಾಲು, ಸೀಮೆಎಣ್ಣೆ ಒಂದು ಪಾಲು, ಔಡಲೆಣ್ಣೆ, ಎಂದರೆ ಹರಳೆಣ್ಣೆ, ಒಂದು ಪಾಲು. ಔಡಲೆಣ್ಣೆ ಎಂದ ಕೂಡಲೇ ಕಾಕಾ, "ಇದಕ್ಕೂ ಹೊಟ್ಟಿ ಕಟ್ಟೇದೇನ್ರಿ?" ಎಂದು ಕೇಳಿದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆ ಪುಟದ ಕೆಳಗೆ ಕೆಂಪು ಗೆರೆಯ ಒಂದು ಚೌಕವಿತ್ತು. ಒಳಗೆ ಆರು ಸಾಲು, ಎಲ್ಲ ದಪ್ಪ ದೊಡ್ಡ ಅಕ್ಷರ. ಕಾಕಾ ಬೆರಳಿಟ್ಟು, "ಮಾಸ್ತರ್, ಈ ಕೆಂಪು ಗೆರಿ ಒಳಗ ಏನದರಿ?" ಎಂದರು.

ನಾನು ಬಗ್ಗಿ ನೋಡಿದೆ. ಇಂಗ್ಲಿಷನ್ನು ಬರಿಯ ಕ್ಯಾಪಿಟಲ್ ಅಕ್ಷರದಲ್ಲಿ ಓದಿ ನನಗೆ ಅಭ್ಯಾಸವೇ ಇರಲಿಲ್ಲ. ಒಂದೂ ಶಬ್ದ ತಲೆಗೆ ಹತ್ತಲಿಲ್ಲ. ನಾನು ದಿನಾ ಓದುತ್ತಿದ್ದ ಉರ್ದು ಪತ್ರಿಕೆಯಲ್ಲಿ ಗೆರೆ ಹೊಡೆದ ಚೌಕದೊಳಗೆ ಬರುತ್ತಿದ್ದದ್ದು ಕೂದಲೆಣ್ಣೆ, ಸುರ್ಮಾ, ಶಕ್ತಿಯ ಗುಳಿಗೆ. ಚೌಕವೆಂದರೆ ಜಾಹೀರಾತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. "ಅದಾ ಕಾಕಾ? ಕಂಪನಿ ಜಾಹೀರಾತು. ನಮ್ಮ ಇಂಜಿನ್ ಭಾಳ ಚಲೋ ಅದ, ಎಲ್ಲರಿಗೂ ಹೇಳ್ರಿ ಅಂತ ಬರ್ಕೊಂಡಾರ" ಎಂದೆ.

"ಅಂಗಡಿಯವರೆಲ್ಲ ಒಂದೇ ನೋಡ್ರಿ" ಎಂದು ಅವರು ನಕ್ಕು ಮುಂದಿನ ಪುಟ ತೆಗೆಯಲು ಹೇಳಿದರು.

ನನಗ ತಿಳೀಲಿಲ್ರಿ ಕಾಕಾ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಂಗ್ಲಿಷ್–ಉರ್ದು ಪದಕೋಶ ಅದೇ ಕೋಣೆಯ ಕಪಾಟಿನಲ್ಲಿ, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಕೈಗೆ ಸಿಗುವಂತಿತ್ತು. ಇನ್ನೊಬ್ಬರ ಮುಂದೆ ಅದನ್ನು ತೆರೆಯುವುದು ನನಗೆ ಅವಮಾನ ಅನಿಸುತ್ತಿತ್ತು. ಯಾರೂ ಇಲ್ಲದಾಗ ಮಾತ್ರ ತೆರೆಯುತ್ತಿದ್ದೆ.

ಎಣ್ಣೆ ಹಾಕಿ, ಪಂಖಾ ಬಿಗಿದು, ಇಂಜಿನ್ನು ಪರೀಕ್ಷಿಸಿದೆವು. ಪಂಖಾ ಎಂದರೆ ಮೂಗಿನ ತುದಿಯಲ್ಲಿ ತಿರುಗುವ ಕಟ್ಟಿಗೆಯ ಎಲೆ. ಅದರ ಅಂಚು ಚೂರಿಯಂತೆ ತೆಳುವಾಗಿತ್ತು. ಕಾಕಾ ಕೋಲಿಗೆ ಬಟ್ಟೆ ಸುತ್ತಿ ಅದರಿಂದ ಚಿಮ್ಮಿ ಚಿಮ್ಮಿ ತಿರುಗಿಸಿದರು. ಬಹಳ ಹೊತ್ತು ಕೆಮ್ಮಿತು, ಕೊನೆಗೆ ಭರ್ರೆಂದು ಹತ್ತಿಕೊಂಡು ಸ್ವಲ್ಪ ಹೊತ್ತು ಓಡಿ ನಿಂತಿತು. ನಾವು ಕುಣಿದಾಡುವುದೊಂದು ಬಾಕಿ. ಚಹಾ ತರಿಸಿ ಕುಡಿದು ರೇಡಿಯೋ ಕೆಲಸಕ್ಕೆ ಕೂತೆವು.

ರೇಡಿಯೋದ ಸಣ್ಣ ಪೆಟ್ಟಿಗೆಯನ್ನು ಅದುರಬಾರದೆಂದು ಅರಳೆಯಲ್ಲಿ ಸುತ್ತಿ ವಿಮಾನದ ಹೊಟ್ಟೆಯೊಳಗೆ ಇಟ್ಟಿದ್ದೆವು. ಬ್ಯಾಟರಿ ಮೂಗಿನ ಹಿಂದೆಯೇ ಒಂದು ಕಿಂಡಿಯಲ್ಲಿ. ನಾನು ಕೋಣೆಯ ಮೂಲೆಯಲ್ಲಿ ನಿಂತು ಗುಂಡಿ ಒತ್ತಿದೆ. ಬಾಲದ ಪಟ್ಟಿ ಒಮ್ಮೆ ಬಲಕ್ಕೆ ಹೋಯಿತು, ಆಮೇಲೆ ಅಲ್ಲಾಡಲಿಲ್ಲ. ತಂತಿ ಸಡಿಲಾಗಿರಬೇಕು ಎಂದು ಕಾಕಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಿಂಡಿಯ ಮೇಲೆ ಬಗ್ಗಿದರು. ಪಂಖಾದ ಒಂದು ತುದಿ ಅವರ ಗದ್ದಕ್ಕೆ ತಾಗುತ್ತಿತ್ತು. ಕಣ್ಣು ತೆಗೆಯದೆ, ಬಲಗೈಯ ತೋರುಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿದರು.

ಇಂಜಿನ್ನು ಇನ್ನೂ ಬಿಸಿಯಿತ್ತು, ಒಳಗೆ ಎಣ್ಣೆ ಉಳಿದಿತ್ತು. ಫಟ್ ಎಂದು ಹತ್ತಿಕೊಂಡಿತು. ಕಾಕಾ "ಯವ್ವಾ!" ಎಂದು ಹಿಂದಕ್ಕೆ ಬಿದ್ದರು. ವಿಮಾನ ಧೋತರವನ್ನು ಎಳೆದುಕೊಂಡು ಮೇಜಿನ ತುದಿಗೆ ಹೋಗಿ ನೆಲಕ್ಕೆ ಬಿತ್ತು. ಬಿಳಿ ಬಟ್ಟೆಯ ಮೇಲೆಲ್ಲ ರಕ್ತ. ನಾನು ರೇಡಿಯೋ ಡಬ್ಬಿ ಹಿಡಿದು ಮರದ ಬೊಂಬೆಯ ಹಾಗೆ ನಿಂತಿದ್ದೆ. ಅವರು ಬೆರಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ನನ್ನನ್ನು ಕೇಳಿದ್ದು, "ವಿಮಾನಕ್ಕ ಏನಾರ ಆಯ್ತೇನ್ರಿ ಮಾಸ್ತರ್?"

ಪೆಟ್ಟು ಎಲುಬಿನವರೆಗೆ ಹೋಗಿತ್ತು. ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಬೆರಳು ಉಳಿಯಿತು. ಸಂಜೆಯ ರೈಲಿಗೆ ಅವರನ್ನು ಕೂರಿಸಿ ಶಾಲೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕಪಾಟಿನಿಂದ ಪದಕೋಶ ತೆಗೆದದ್ದು. ಯಾಕೋ ಆ ಕೆಂಪು ಚೌಕ ಎದೆಯಲ್ಲಿ ಚುಚ್ಚುತ್ತಿತ್ತು. ಒಂದೊಂದೇ ಶಬ್ದ ಹುಡುಕಿ ಆರು ಸಾಲು ಬಿಡಿಸಿದೆ. ರೇಡಿಯೋ, ಬ್ಯಾಟರಿ, ಬಾಲ, ಯಾವುದರ ಕೆಲಸಕ್ಕೆ ಕೂರುವ ಮೊದಲೂ ಪಂಖಾ ಬಿಚ್ಚಿ ಪಕ್ಕಕ್ಕಿಡಬೇಕು. ಇಂಜಿನ್ನಿನಲ್ಲಿ ಎಣ್ಣೆ ಉಳಿದಿದ್ದರೆ ಬೆರಳು ತಾಕಿಸಿದರೂ ಅದು ಹತ್ತಿಕೊಳ್ಳಬಹುದು. ಹಾರಿಸುವ ಜಾಗಕ್ಕೆ ಹೋದ ಮೇಲೆ, ಎಲ್ಲಕ್ಕಿಂತ ಕೊನೆಗೆ ಪಂಖಾ ಬಿಗಿಯಬೇಕು. ಇಡೀ ಪುಸ್ತಕದಲ್ಲಿ ಕೆಂಪು ಗೆರೆ ಹಾಕಿ ಹೇಳಿದ್ದು ಅದೊಂದೇ ಮಾತು.

ನಾನು ಆ ಹಾಳೆಯನ್ನು ಪುಸ್ತಕದಿಂದ ಬಿಡಿಸಿ, ಮಡಚಿ ಜೇಬಿನಲ್ಲಿಟ್ಟುಕೊಂಡೆ. ಮಾರನೆಯ ದಿನವೇ ಬೀದರಿಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಏನೇನೋ ನೆವ ಸಿಕ್ಕವು, ನನಗೆ ನೆವಗಳಿಗೆ ಯಾವತ್ತೂ ಬರಗಾಲವಿರಲಿಲ್ಲ.

ನಾಲ್ಕು ದಿನಕ್ಕೆ ಸಾಹೇಬರು ನೋಡಲು ಬಂದರು. ಅದೇ ದಿನ ಕಾಕಾನೂ ಬಂದಿದ್ದರು, ಕೈಗೆ ದೊಡ್ಡ ಪಟ್ಟಿ. ಒಪ್ಪಿಕೊಂಡ ಕೆಲಸ, ಉಳಿದದ್ದನ್ನು ಹೇಳಿಕೊಟ್ಟು ಹೋಗುತ್ತೇನೆ ಎಂದು ಬಂದದ್ದು. ಹೆಡ್‌ಮಾಸ್ತರರ ಕೋಣೆಯಲ್ಲಿ ಎಲ್ಲರೂ ಕೂತಿದ್ದೆವು. ಸಾಹೇಬರಿಗೆ ಸಿಟ್ಟು ಬಂದಿತ್ತು. "ಬೇರೆ ಕೆಲಸಕ್ಕೆ ಮುಂಚೆ ಪ್ರೊಪೆಲ್ಲರ್ ಬಿಚ್ಚಬೇಕು ಅಂತ ಸೂಚನೆ ಪುಸ್ತಕದಲ್ಲಿ ಸ್ಪಷ್ಟವಾಗಿ ಇದೆಯಲ್ರೀ, ನಾನೇ ನೋಡಿದ್ದೆ. ಇವರಿಗೆ ಓದಿ ಹೇಳಲಿಲ್ವೇ ಮೇಷ್ಟ್ರೇ?"

ಹಾಳೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಉಸಿರಾಡಿದರೆ ಸದ್ದಾಗುತ್ತಿತ್ತು. ಇಲ್ಲ ಸಾರ್, ನನಗೆ ತಿಳಿಯಲಿಲ್ಲ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. "ಓದಿ ಹೇಳಿದ್ದೆ ಸಾರ್. ಪ್ರತಿಯೊಂದೂ ಎರಡೆರಡು ಸಲ ಹೇಳಿದ್ದೆ."

ಕಾಕಾ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಎಲ್ಲೋ ಇಟ್ಟ ಸಾಮಾನು ನೆನಪಾಗದವರ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ತುಟಿ ಸಣ್ಣಗೆ ಅಲ್ಲಾಡಿತು. ನಾನು ಹೇಳಿದ್ದನ್ನೆಲ್ಲ ಅವರು ಒಳಗೇ ತಿರುಗಿ ಹೇಳಿಕೊಳ್ಳುತ್ತಿದ್ದರು ಎಂದು ನನಗೆ ತಿಳಿಯಿತು. ಆ ಮಾತು ಅಲ್ಲಿ ಸಿಗುವುದಿಲ್ಲ ಎಂಬುದೂ ನನಗೊಬ್ಬನಿಗೇ ಗೊತ್ತಿತ್ತು.

"ಹೇಳಿರಬೇಕ್ರಿ ಸಾಹೇಬ್ರೇ" ಎಂದರು ಕೊನೆಗೆ. "ಮಾಸ್ತರ್ ಸುಳ್ಳ ಯಾಕ ಹೇಳ್ತಾರ್ರಿ? ನನಗೇ ನೆನಪಿಲ್ಲ. ಗಲ್ತಿ ನಂದೇ ಅದ."

"ಇಷ್ಟು ಅಜಾಗರೂಕತೆ ಇದ್ರೆ ಗಡಿಯಾರ ಹೇಗೆ ರಿಪೇರಿ ಮಾಡ್ತೀರಿ?" ಎಂದು ಸಾಹೇಬರು ಅಂದುಬಿಟ್ಟರು. ಅವರದೇನೂ ತಪ್ಪಿಲ್ಲ, ನನ್ನ ಮಾತು ಕೇಳಿ ಅಂದದ್ದು. ಕಾಕಾ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ, ನೋಡಿದವರಿಗೆ ಪಾಪ ಅನಿಸಿರಬೇಕು.

ವಿಮಾನ ಹಾರಿತು. ಮುರಿದ ರೆಕ್ಕೆಯ ತುದಿಯನ್ನು ಸಾಹೇಬರೇ ಸರಿಮಾಡಿಸಿದರು. ಹಬ್ಬದ ದಿನ ಬೀದರಿನ ಮೈದಾನದ ಮೇಲೆ ಎರಡು ಸುತ್ತು ಹಾಕಿ ಸುರಕ್ಷಿತವಾಗಿ ಇಳಿಯಿತು. ಜನ ಹೋ ಎಂದು ಕೂಗಿದರು. ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿದರು, ಇಂಗ್ಲಿಷ್ ಬಲ್ಲ ವಿಜ್ಞಾನದ ಮಾಸ್ತರ್ ಎಂದು ಹೊಗಳಿದರು. ಹಾರ ಹಾಕಿಸಿಕೊಂಡೆ, ನಾಚಿಕೆಗೇಡಿ. ಕಾಕಾ ಬಂದಿರಲಿಲ್ಲ. ಅವರ ಅಂಗಡಿ ಅಲ್ಲಿಂದ ನಡೆದರೆ ಹತ್ತು ನಿಮಿಷದ ದಾರಿ.

ಆಮೇಲೆ ಬೀದರಿಗೆ ಹೋದಾಗಲೆಲ್ಲ ಚೌಬಾರಾದ ಕಡೆ ಕೆಲಸವಿದ್ದರೆ ಸುತ್ತು ಹಾಕಿ ಹೋಗುತ್ತಿದ್ದೆ. ಒಂದು ಸಲ ಮಾತ್ರ ದಾರಿಯ ಆಚೆಯಿಂದ ನೋಡಿದೆ. ಅಂಗಡಿಯಲ್ಲಿ ಗೋಡೆ ಗಡಿಯಾರ, ಅಲಾರಾಂ ಗಡಿಯಾರ ಇದ್ದವು. ಕೈಗಡಿಯಾರ ಹಿಡಿದು ಬಂದ ಒಬ್ಬನಿಗೆ ಕಾಕಾ ಕೈಮುಗಿದು ಬೇರೆ ಅಂಗಡಿಯ ದಾರಿ ತೋರಿಸುತ್ತಿದ್ದರು. ಬೆರಳು ಸೆಟೆದುಕೊಂಡಿದೆ, ಪಾಪ ಎಂದುಕೊಂಡೆ. ಇನ್ನು ಕೆಲವು ವರ್ಷಕ್ಕೆ ಅಲ್ಲಿ ಬಳೆ ಅಂಗಡಿ ಬಂತು.

ನಾನು ಪದಕೋಶ ಹಿಡಿದು ಇಂಗ್ಲಿಷ್ ಕಲಿತೆ. ಈ ಸಲ ನಿಜವಾಗಿಯೇ ಕಲಿತೆ. ಬಡ್ತಿ ಸಿಕ್ಕಿತು, ಊರೂರು ತಿರುಗಿ ಕೊನೆಗೆ ಔರಾದಕ್ಕೆ ಹೆಡ್‌ಮಾಸ್ತರನಾಗಿ ಬಂದೆ. ಅಲ್ಲಿ ಶಾಲೆಯ ಗೋಡೆ ಗಡಿಯಾರ ನಿಂತಿತು. ರಿಪೇರಿ ಮಾಡುವವರು ಇಲ್ಲಿ ಯಾರಿದ್ದಾರೆ ಎಂದು ಕೇಳಿದೆ.

ಚಪರಾಸಿ, "ಠಾಣಾ ಕುಶನೂರದಾಗ ಒಬ್ಬರು ಅದಾರ್ರಿ. ಮೊದಲ ಬೀದರದಾಗ ಭಾಳ ಹೆಸರಿತ್ತಂತ್ರಿ. ಆದ್ರ ಈಗ ಗಡಿಯಾರ ಮುಟ್ಟಂಗಿಲ್ರಿ. ಯಾಕ ಅಂದ್ರ ಸುಮ್ಮ ನಗ್ತಾರ" ಎಂದ.

ಅವತ್ತೇ ಮಧ್ಯಾಹ್ನದ ಬಸ್ಸು ಹತ್ತಿದೆ. ಧೈರ್ಯ ಬಂದಿತ್ತು ಎಂದಲ್ಲ. ಒಂದು ದಿನ ತಡೆದರೆ ಮತ್ತೆ ನೆವ ಸಿಗುತ್ತದೆ ಎಂದು ನನ್ನ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಯ ಮುಂದೆ ತೊಗರಿ ಹರವಿತ್ತು. ಕಾಕಾ ಚೀಲ ತುಂಬಿ ಬಾಯಿ ಕಟ್ಟುತ್ತಿದ್ದರು. ತಲೆ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತಿಸಿ, "ಅರೆ ಮಾಸ್ತರ್! ಬರ್ರಿ ಬರ್ರಿ, ಕುಂಡ್ರಿ. ಎಷ್ಟ್ ವರ್ಷ ಆಯ್ತು!" ಎಂದು ಹೊರಸು ಹಾಕಿ ಮೇಲೆ ಕೌದಿ ಹಾಸಿದರು. ಒಳಗಿಂದ ಕಾಕು, ಎಂದರೆ ಅವರ ಹೆಂಡತಿ, ಚಹಾ ತಂದಿಟ್ಟು ಹೋದರು. ನನ್ನ ಕಣ್ಣು ಕಾಕಾ ಅವರ ಬಲಗೈ ಮೇಲೆಯೇ ಇತ್ತು. ಚೀಲದ ಹುರಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು. ತೋರುಬೆರಳು ನೆಟ್ಟಗೆ, ಸರಾಗವಾಗಿ ಬಗ್ಗುತ್ತಿತ್ತು. ಗಾಯದ ಗೆರೆ ಒಂದಿತ್ತು ಅಷ್ಟೇ.

ನಾನು ಚಹಾ ಮುಟ್ಟಲಿಲ್ಲ. ಹೇಳಿದೆ. ಚೌಕದ ವಿಷಯ, ಜಾಹೀರಾತು ಎಂದು ಬುರುಡೆ ಬಿಟ್ಟದ್ದು, ಸಂಜೆ ಪದಕೋಶ ನೋಡಿದ್ದು, ಜೇಬಿನಲ್ಲಿ ಹಾಳೆ ಇಟ್ಟುಕೊಂಡೇ ಸಾಹೇಬರ ಮುಂದೆ ಸುಳ್ಳು ಹೇಳಿದ್ದು. ಎಲ್ಲ ಹೇಳಿ, "ನಿಮ್ಮ ಬೆರಳು ಹೋಯ್ತು, ಕೆಲಸ ಹೋಯ್ತು, ಎಲ್ಲ ನನ್ನಿಂದ. ನನಗ ಮಾಫ್ ಮಾಡ್ರಿ ಅನ್ಲಿಕ್ಕೂ ಮುಖ ಇಲ್ಲ ಕಾಕಾ" ಎಂದೆ.

ಅವರು ಕೈ ಮುಂದೆ ಚಾಚಿ ಆ ಬೆರಳನ್ನು ಮಡಚಿ ಬಿಚ್ಚಿ ತೋರಿಸಿದರು. "ಬೆರಳಿಗಿ ಏನಾಗ್ಯದ್ರಿ? ಮೂರು ತಿಂಗಳದಾಗ ನೆಟ್ಟಗಾಯ್ತು. ನಾ ಕೆಲಸ ಬಿಟ್ಟದ್ದು ಬೆರಳಿಂದ ಅಲ್ರಿ."

"ಮತ್ಯಾಕ್ರಿ ಕಾಕಾ?" ಎಂದೆ.

"ಪಂಖಾ ಬಿಚ್ಚಬೇಕು ಅಂಬೋ ಮಾತು ನನ್ನ ಕಿವಿಗಿ ಬಿದ್ದ ನೆನಪೇ ಇರಲಿಲ್ರಿ. ನೀವು ಎರಡು ಸಲ ಹೇಳೀನಿ ಅಂದ್ರಿ. ಓದಿದವರು, ಸುಳ್ಳ ಹೇಳೋರಲ್ಲ. ಹಂಗಾದ್ರ ಎರಡು ಸಲ ಹೇಳಿದ್ದು ನನ್ನ ತಲ್ಯಾಗಿಂದ ಪೂರಾ ಅಳಿಸಿ ಹೋಗ್ಯದ. ನನ್ನ ತಲಿ ಕೆಟ್ಟದ ಅಂತ ತಿಳ್ಕೊಂಡೆ. ಒಂದು ಗಡಿಯಾರ ಬಿಚ್ಚಿದ್ರ ಹತ್ತು ಸಲ ನೋಡೋದು, ಮನಿಗಿ ಹೋದವ ತಿರುಗಿ ಬಂದು ಕೀಲಿ ತೆಗದು ನೋಡೋದು. ಜನರ ಸಾಮಾನ್ರಿ ಅದು. ತಲಿ ಮ್ಯಾಲ ಭರೋಸಾ ಇಲ್ಲದವ ಹ್ಯಾಂಗ ಮುಟ್ಟಬೇಕು? ಬಿಟ್ಟು ಬಂದೆ."

ನನಗೆ ಕೂತ ಜಾಗದಲ್ಲೇ ನೆಲ ಬಾಯಿ ಬಿಡಬಾರದೇ ಅನಿಸಿತು. ಇಷ್ಟು ವರ್ಷ ನಾನು ಬೆರಳಿನ ಪಾಪ ಹೊತ್ತುಕೊಂಡು ತಿರುಗಿದ್ದೆ, ಅದರಲ್ಲೇ ನನಗೆ ನಾನೇ ದೊಡ್ಡ ಶಿಕ್ಷೆ ಕೊಟ್ಟುಕೊಂಡ ಹಾಗೆ. ಬೆರಳು ಎಂದೋ ವಾಸಿಯಾಗಿತ್ತು. ಓದದೆ ಬಿಟ್ಟದ್ದು ಗಾಯ ಮಾಡಿತ್ತು, ಓದಿದೆ ಎಂದದ್ದು ಅವರನ್ನು ಮುಗಿಸಿತ್ತು. ಭಾಲ್ಕಿಯಿಂದ ಬೀದರಿಗೆ ಹೋಗಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಕಾಕಾ ಎದ್ದು ಬಾಗಿಲ ಕಡೆ ಕೂಗಿದರು. "ಏ, ಜರಾ ಹೊರಗ ಬಾ ಇಲ್ಲಿ." ಕಾಕು ಸೆರಗು ಸರಿಮಾಡಿಕೊಂಡು ಬಂದು ನಿಂತರು. ಕಾಕಾ ನನಗೆ ಹೇಳಿದರು, "ಮಾಸ್ತರ್, ಈಗ ನನ್ನ ಮುಂದ ಹೇಳಿದ್ದು ಇಕಿ ಮುಂದ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಎದ್ದು ನಿಂತು ಹೇಳಿದೆ. ಮೊದಲ ಸಲಕ್ಕಿಂತ ಎರಡನೆಯ ಸಲ ನೂರು ಪಟ್ಟು ಕಷ್ಟವಾಯಿತು. ನಾನು ಮುಗಿಸಿದ ಮೇಲೂ ಆಕೆ ನನ್ನ ಕಡೆ ನೋಡಲಿಲ್ಲ, ಗಂಡನ ಕಡೆ ತಿರುಗಿದರು.

"ನಿಮ್ಮ ತಲಿ ಚಲೋ ಅದರಿ, ನಿಮ್ಮಂಥ ಹೋಶಿಯಾರ್ ಮನುಷ್ಯಾ ಇಲ್ರಿ ಅಂತ ದಿನಾ ಹೇಳ್ದೆ. ಅಳಕೋತ ಹೇಳ್ದೆ. ಓದು ಬರಹ ಇಲ್ಲದಕಿ ಮಾತು ಅಂತ ನೀವು ಕೇಳ್ಲಿಲ್ಲ. ಮಾಸ್ತರ್ ಮಾತು ನಂಬಿದ್ರಿ." ಅಷ್ಟು ಹೇಳಿ ನನ್ನ ಮುಂದಿನ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಕಾಕಾ ಹೊರಸಿನ ಅಂಚಿನಲ್ಲಿ ಕೂತು ಮುಖಕ್ಕೆ ಟವೆಲ್ ಒತ್ತಿಕೊಂಡರು. ಹೆಗಲು ಕುಲುಕುತ್ತಿತ್ತು. ಮುಟ್ಟಿ ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ, ನಿಂತೇ ಇದ್ದೆ. ದೂರದಲ್ಲಿ ಔರಾದದ ಬಸ್ಸಿನ ಹಾರ್ನ್ ಕೇಳಿತು. "ನಾ ಹೋಗ್ತೇನಿ ಕಾಕಾ" ಎಂದೆ. ನಮ್ಮ ಕಡೆ ಜಗಳ ಆಡಿ ಎದ್ದು ಹೋಗುವವನಿಗೂ 'ಹೋಗಿ ಬರ್ರಿ' ಎನ್ನುತ್ತಾರೆ. ಅವರು ಟವೆಲ್ ತೆಗೆಯಲಿಲ್ಲ, ಒಳಗಿಂದಲೂ ಯಾರೂ ಅನ್ನಲಿಲ್ಲ. ನಾನು ತೊಗರಿಯನ್ನು ತುಳಿಯದ ಹಾಗೆ ಅಂಚಿನಲ್ಲಿ ನಡೆದು ಬಂದು ಬಸ್ಸು ಹತ್ತಿದೆ.